ಕೂರಲು ಜಾಗ ಎಲ್ಲಿದೆ? ಬದಲಾಗುತ್ತಿರುವ ಮಡಿಕೇರಿಯನ್ನು ಫೋಟೋ ತೆಗೆಯುವ ಬಗೆ

ಕೊಡಗು ಅಂತ ಹುಡುಕಿದರೆ ಯಾವ ಫೋಟೋಗಳು ಬರುತ್ತವೆ ಅಂತ ನಿಮಗೆ ಗೊತ್ತೇ ಇದೆ. ಮಂಜು, ಕಾಫಿ ಹೂ, ಮಾಂದಲ್‌ಪಟ್ಟಿ ಜೀಪು, ಅಬ್ಬಿ ಜಲಪಾತ, ರಾಜಾಸೀಟಿನ ಸೂರ್ಯಾಸ್ತ. ಎಲ್ಲವೂ ಚಂದವೇ. ಆದರೆ ಅದೇ ಊರಿನಲ್ಲಿ ಬಾಡಿಗೆ ಮನೆಗಾಗಿ ಅಲೆಯುವ ನರ್ಸ್ ಇದ್ದಾರೆ, ಸಂತೆ ಮುಗಿಸಿ ಬಸ್ಸಿಗೆ ಕಾಯುತ್ತಾ ಅಕ್ಕಿ ಚೀಲದ ಮೇಲೆಯೇ ಕೂರುವ ಅಜ್ಜಿ ಇದ್ದಾರೆ, ನಿನ್ನೆವರೆಗೆ ಸೊಪ್ಪು ಮಾರುತ್ತಿದ್ದ ಮೂಲೆಯಲ್ಲಿ ಇವತ್ತು ಹೂಕುಂಡ ಕಂಡು ಬುಟ್ಟಿ ಎತ್ತಿಕೊಂಡು ಮುಂದೆ ಹೋಗುವ ಹೆಂಗಸು ಇದ್ದಾರೆ. ಇವರಿಗೆ ಊರಿನಲ್ಲಿ ಜಾಗ ಕಮ್ಮಿಯಾಗುತ್ತಾ ಬಂದಿರುವುದು ಫೋಟೋಗಳಲ್ಲಿ ಕಾಣುವುದೇ ಇಲ್ಲ.

ಅದನ್ನು ಕಾಣಿಸಬೇಕು ಅನ್ನುವವರಿಗೆ ಈ ಬರಹ. ದೊಡ್ಡ ಕ್ಯಾಮೆರಾ ಬೇಕಾಗಿಲ್ಲ, ಕೈಯಲ್ಲಿರುವ ಫೋನ್ ಸಾಕು. ಬೇಕಾಗಿರುವುದು ಒಂದು ನೋಟ್‌ಬುಕ್ಕು, ಒಂದು ಪೆನ್ನು, ಮತ್ತೆ ಅದೇ ಜಾಗಕ್ಕೆ ತಿರುಗಿ ತಿರುಗಿ ಹೋಗುವ ತಾಳ್ಮೆ. ಮಡಿಕೇರಿಯನ್ನು ಇಟ್ಟುಕೊಂಡು ಹೇಳುತ್ತೇನೆ. ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಎಲ್ಲಿದ್ದರೂ ಇದೇ ನಡೆಯುತ್ತದೆ.

ಏನನ್ನು ಹುಡುಕಬೇಕು

ಎರಡು ಸಂಗತಿಗಳಿವೆ. ಒಂದಕ್ಕೊಂದು ಸಂಬಂಧ ಇದೆ, ಆದರೆ ಫೋಟೋ ತೆಗೆಯುವ ರೀತಿ ಬೇರೆ ಬೇರೆ.

ಒಂದು, ಊರು ದುಬಾರಿಯಾಗಿ ಅಲ್ಲೇ ಇದ್ದವರು ಹೊರಗೆ ಹೋಗಬೇಕಾಗುವುದು. ಲಂಡನ್ನಿನ ಕೂಲಿಕಾರರ ಬೀದಿಗಳಿಗೆ ಅನುಕೂಲಸ್ಥರು ಬಂದು ಸೇರಿಕೊಂಡು ಹಳಬರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದನ್ನು ನೋಡಿ, ಅದಕ್ಕೆ ಜೆಂಟ್ರಿಫಿಕೇಶನ್ ಅಂತ ಹೆಸರಿಟ್ಟವರು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್, 1964ರಲ್ಲಿ. ನಮ್ಮಲ್ಲಿ ಅದು ಬರುವ ದಾರಿಯೇ ಬೇರೆ. ಇಲ್ಲಿ ಬಂದು ನೆಲೆಸುವವರಿಗಿಂತ ಶನಿವಾರ ಬಂದು ಭಾನುವಾರ ಹೋಗುವವರೇ ಜಾಸ್ತಿ. ತಿಂಗಳ ಬಾಡಿಗೆಗೆ ಸಿಗುತ್ತಿದ್ದ ಮನೆ ದಿನದ ಬಾಡಿಗೆಯ ಹೋಮ್‌ಸ್ಟೇ ಆಗುತ್ತದೆ. ಗದ್ದೆ ಕನ್ವರ್ಷನ್ ಆಗಿ ಸೈಟ್ ಆಗುತ್ತದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ತಡೆಯನ್ನು ರಾಜ್ಯ ಸರ್ಕಾರ 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ತೆಗೆದುಹಾಕಿತು. ಬೆಂಗಳೂರಿನ ದುಡ್ಡಿಗೂ ಇಲ್ಲಿನ ಸಂಬಳಕ್ಕೂ ಪೈಪೋಟಿ ಬಿದ್ದರೆ ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ಇನ್ನೊಂದು, ಜನ ಕೂರಬಾರದು, ಮಲಗಬಾರದು, ಜಾಸ್ತಿ ಹೊತ್ತು ನಿಲ್ಲಬಾರದು ಅಂತಲೇ ಯೋಚಿಸಿ ಮಾಡಿದ ಬೆಂಚು, ಕಟ್ಟೆ, ಗೇಟು. ಲಂಡನ್ನಿನ ಕ್ಯಾಮ್ಡೆನ್ ಆಡಳಿತ 2012ರಲ್ಲಿ ಮಾಡಿಸಿದ ಕಾಂಕ್ರೀಟ್ ಬೆಂಚು ಇದಕ್ಕೆ ಹೆಸರುವಾಸಿ. ಅದರ ಎಲ್ಲಾ ಮೈಯೂ ಇಳಿಜಾರು. ಮಲಗಲು ಆಗಲ್ಲ, ಹಾಯಾಗಿ ಒರಗಲೂ ಆಗಲ್ಲ. 2014ರಲ್ಲಿ ಅದೇ ಊರಿನ ಒಂದು ಅಪಾರ್ಟ್‌ಮೆಂಟಿನ ಬಾಗಿಲ ಪಕ್ಕ, ಮನೆಯಿಲ್ಲದವರು ಮಲಗದಂತೆ ನೆಲಕ್ಕೆ ಲೋಹದ ಮೊಳೆ ಬಡಿದಿದ್ದರು. ದಾರಿಯಲ್ಲಿ ಹೋಗುವವರು ತೆಗೆದ ಫೋಟೋ ಎಲ್ಲೆಡೆ ಹರಡಿತು, ಜನ ಸಿಟ್ಟಾದರು, ಕೆಲವೇ ದಿನಗಳಲ್ಲಿ ಮೊಳೆ ಕಿತ್ತರು. ಒಂದು ಸರಿಯಾದ ಫೋಟೋದಿಂದ ಇಷ್ಟು ಆಗುತ್ತದೆ.

ನಮ್ಮೂರಿನಲ್ಲಿ ಅಷ್ಟು ಎದ್ದು ಕಾಣುವಂಥದ್ದು ಹುಡುಕಬೇಡಿ. ಇಲ್ಲಿ ಅದು ಸಣ್ಣದಾಗಿ, ಸದ್ದಿಲ್ಲದೆ ಬರುತ್ತದೆ. ಅಗಲವಾದ ಕಡಪ ಕಲ್ಲಿನ ಬೆಂಚು ಹೋಗಿ ಅದರ ಜಾಗಕ್ಕೆ ಎರಡು ಸ್ಟೀಲ್ ಪೈಪ್ ಬರುತ್ತದೆ. ಬೆಂಚಿನ ಮಧ್ಯೆ ಕೈ ಇಡುವ ಹಿಡಿಕೆ ಬರುತ್ತದೆ, ನೋಡಲು ಅನುಕೂಲದಂತೆ ಕಂಡರೂ ಅಲ್ಲಿ ಯಾರೂ ಕಾಲು ಚಾಚಲು ಆಗಲ್ಲ. ಅಂಗಡಿ ಜಗಲಿಗೆ ಇಳಿಜಾರು ಗ್ರಾನೈಟ್ ಬೀಳುತ್ತದೆ. ಕಟ್ಟೆಯ ಅಂಚಿಗೆ ಮೊನಚು ಸರಳು ಬರುತ್ತದೆ. ಮರದ ಸುತ್ತ ಇದ್ದ ಕಟ್ಟೆ ಹೋಗಿ ಗ್ರಿಲ್ ನಿಲ್ಲುತ್ತದೆ. ಸಂಜೆ ಬೇಗ ಪಾರ್ಕಿನ ಗೇಟಿಗೆ ಬೀಗ. ನಲ್ಲಿ ಇದ್ದ ಕಡೆ ನಲ್ಲಿಯಿಲ್ಲ, ನೀರಿನ ಬಾಟಲಿ ಮಾರುವ ಅಂಗಡಿ ಇದೆ.

ಇದು ಈ ನೆಲಕ್ಕೆ ಎಷ್ಟು ಹೊರಗಿನದು ಅಂತ ತಿಳಿಯಬೇಕಾದರೆ ಯಾವುದಾದರೂ ಐನ್‌ಮನೆಗೆ, ಅಂದರೆ ಕೊಡವ ಕುಟುಂಬದ ಮೂಲಮನೆಗೆ, ಹೋಗಿ ನೋಡಿ. ಮುಂದಿನ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕಂಬದಿಂದ ಕಂಬಕ್ಕೆ ದಪ್ಪ ಹಲಗೆ ಹಾಕಿರುತ್ತಾರೆ, ಐಮರ. ಬಂದವರು ಮೊದಲು ಕೂರುವುದೇ ಅಲ್ಲಿ. ತಲೆಮಾರುಗಳಿಂದ ಜನ ಕೂತು ಕೂತು ಆ ಹಲಗೆ ಎಣ್ಣೆ ಹಚ್ಚಿದಂತೆ ನುಣುಪಾಗಿರುತ್ತದೆ. ಮನೆಯವರನ್ನು ಕೇಳಿಕೊಂಡು ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಪೈಪ್ ಬೆಂಚಿನ ಫೋಟೋ ಪಕ್ಕದಲ್ಲಿ ಇಡಲು ಬೇಕಾಗುತ್ತದೆ.

ಮೊದಲು ಒಂದೇ ರಸ್ತೆ ಆರಿಸಿ

ಇಡೀ ಮಡಿಕೇರಿ ತೆಗೆಯುತ್ತೇನೆ ಅಂತ ಹೊರಟರೆ ಏನೂ ಕೈಗೆ ಬರಲ್ಲ. ಒಂದು ರಸ್ತೆ ಸಾಕು. ಮಹದೇವಪೇಟೆ ಆಗಬಹುದು, ಕಾಲೇಜ್ ರಸ್ತೆ ಆಗಬಹುದು, ರಾಜಾಸೀಟಿಗೆ ಹೋಗುವ ದಾರಿ ಆಗಬಹುದು. ನೀವು ಹೇಗಿದ್ದರೂ ಓಡಾಡುವ ರಸ್ತೆಯಾದರೆ ಇನ್ನೂ ಒಳ್ಳೆಯದು, ಯಾಕೆಂದರೆ ಈ ಕೆಲಸ ವರ್ಷಗಟ್ಟಲೆ ನಡೆಯುವಂಥದ್ದು. ದೂರದ ಜಾಗ ಆರಿಸಿದರೆ ಮೊದಲ ಮಳೆಗಾಲಕ್ಕೇ ನಿಂತುಹೋಗುತ್ತದೆ.

ಆಮೇಲೆ ಆ ರಸ್ತೆಯಲ್ಲಿ ಒಂದಷ್ಟು ಸಲ ಸುಮ್ನೆ ನಡೆಯಿರಿ. ಫೋನ್ ಜೇಬಿನಲ್ಲೇ ಇರಲಿ. ಶುಕ್ರವಾರ ಸಂತೆ ದಿನ ಒಮ್ಮೆ, ಶನಿವಾರ ಮಧ್ಯಾಹ್ನ ಪ್ರವಾಸಿಗರ ಕಾರು ಸಾಲುಗಟ್ಟಿದಾಗ ಒಮ್ಮೆ, ಮಂಗಳವಾರ ಬೆಳಿಗ್ಗೆ ಊರು ಖಾಲಿ ಇದ್ದಾಗ ಒಮ್ಮೆ. ನೋಡಬೇಕಾದ್ದು ಒಂದೇ: ಯಾರು ಎಲ್ಲಿ ಕೂತಿದ್ದಾರೆ? ತೋಟದಿಂದ ಸಾಮಾನು ತರಲು ಬಂದವರು ಚೀಲ ಎಲ್ಲಿ ಇಳಿಸುತ್ತಾರೆ? ಮಕ್ಕಳು ಬಸ್ಸಿಗೆ ಎಲ್ಲಿ ಕಾಯುತ್ತಾರೆ? ವಯಸ್ಸಾದವರು ಏರು ಹತ್ತುವಾಗ ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ? ಮಡಿಕೇರಿ ಅಂದರೆ ಬರೀ ಏರು ತಗ್ಗು, ಕೂರುವ ಜಾಗ ಇಲ್ಲಿ ಶೋಕಿಯ ಮಾತಲ್ಲ. ದುಡ್ಡು ಕೊಡದೆ ಕೂರಬಹುದಾದ ಜಾಗಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ. ಕಾಸು ಕೊಟ್ಟರೆ ಮಾತ್ರ ಸಿಗುವ ಜಾಗಗಳನ್ನೂ ಬರೆಯಿರಿ. ರಾಜಾಸೀಟಿಗೂ ಟಿಕೆಟ್ ಇದೆ ಅನ್ನುವುದು ನೆನಪಿರಲಿ. ಈ ಎರಡು ಪಟ್ಟಿಗಳೇ ನಿಮ್ಮ ಕೆಲಸದ ಅಡಿಪಾಯ.

ನಿಂತ ಜಾಗವೇ ಮುಖ್ಯ

ಬದಲಾವಣೆ ಒಂದು ಫೋಟೋದಲ್ಲಿ ಕಾಣಲ್ಲ. ಕನಿಷ್ಠ ಎರಡು ಬೇಕು, ಒಂದೇ ಜಾಗದಿಂದ, ಬೇರೆ ಬೇರೆ ಕಾಲದಲ್ಲಿ ತೆಗೆದದ್ದು. ಚಿಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಕಮೀಲೊ ಹೋಸೆ ವರ್ಗಾರ ಅನ್ನುವ ಫೋಟೋಗ್ರಾಫರ್ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಒಂದೇ ಅಂಗಡಿ ಮುಂಗಟ್ಟನ್ನು 1977ರಿಂದ ಮತ್ತೆ ಮತ್ತೆ ತೆಗೆಯುತ್ತಾ ಬಂದರು. ಬೋರ್ಡ್ ಬದಲಾಗುತ್ತದೆ, ಬಾಗಿಲು ಬದಲಾಗುತ್ತದೆ, ಒಂದು ಅಂಗಡಿ ಎರಡಾಗುತ್ತದೆ. ಒಂದೊಂದನ್ನೇ ನೋಡಿದರೆ ತೀರಾ ಸಾಮಾನ್ಯ ಫೋಟೋಗಳು. ಸಾಲಾಗಿ ಇಟ್ಟರೆ ಇಡೀ ಬಡಾವಣೆಯ ಕಥೆ. ಅದಕ್ಕೂ ಎಷ್ಟೋ ಮೊದಲು, 1860ರ ದಶಕದಲ್ಲಿ, ಪ್ಯಾರಿಸ್ಸಿನ ಹಳೇ ಬೀದಿಗಳನ್ನು ಕೆಡವಿ ಅಗಲ ರಸ್ತೆ ಮಾಡುವಾಗ ಚಾರ್ಲ್ಸ್ ಮಾರ್ವಿಲ್ ಅನ್ನುವವರನ್ನು ನಗರಾಡಳಿತವೇ ನೇಮಿಸಿ, ಹೋಗಲಿದ್ದ ಬೀದಿಗಳ ಫೋಟೋ ತೆಗೆಸಿತ್ತು. ನಮ್ಮಲ್ಲಿ ಅಂಥ ನೇಮಕ ಆಗುವವರೆಗೆ ಕಾಯುತ್ತಾ ಕೂರುವುದು ಬೇಡ.

ಅದೇ ಜಾಗದಲ್ಲಿ ಮತ್ತೆ ನಿಲ್ಲುವುದಕ್ಕೆ ಒಂದು ಸುಲಭ ಉಪಾಯ ಇದೆ. ಕಣ್ಣಿಗೆ ಹತ್ತಿರ ಒಂದು ವಸ್ತು, ದೂರ ಒಂದು ವಸ್ತು ಆರಿಸಿ. ಉದಾಹರಣೆಗೆ ಹತ್ತಿರದ ಕರೆಂಟ್ ಕಂಬದ ಎಡ ಅಂಚು ದೂರದ ಕಟ್ಟಡದ ಎರಡನೇ ಕಿಟಕಿಯ ಮೂಲೆಗೆ ಸರಿಯಾಗಿ ತಾಗುವಂತೆ ನಿಲ್ಲಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ಕಂಬ ಮತ್ತು ಕಿಟಕಿ ಬೇರೆಯಾಗುತ್ತವೆ. ಫ್ರೇಮಿನ ಇನ್ನೊಂದು ಬದಿಯಲ್ಲೂ ಇಂಥದ್ದೇ ಒಂದು ಜೋಡಿ ಹಿಡಿಯಿರಿ. ಎರಡೂ ಜೋಡಿ ಕೂಡಿ ಬರುವ ಜಾಗ ಇಡೀ ರಸ್ತೆಯಲ್ಲಿ ಒಂದೇ ಇರುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಇಟ್ಟುಕೊಳ್ಳಿ. ಜಿಪಿಎಸ್ ಕೂಡ ಆನ್ ಇರಲಿ, ಆದರೆ ಅದನ್ನೇ ನಂಬಬೇಡಿ, ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಕಂಬಗಳನ್ನೂ ಬದಲಾಯಿಸುತ್ತಾರೆ, ಹಾಗಾಗಿ ಬೇಗ ಹೋಗದಂಥ ಗುರುತು ಒಂದಾದರೂ ಇರಲಿ. ದೇವಸ್ಥಾನದ ಗೋಪುರ, ಕೋಟೆ ಗೋಡೆ, ಬೆಟ್ಟದ ಸಾಲು, ಹೀಗೆ.

ಫೋನ್ ಆದರೆ ಮುಖ್ಯ ಲೆನ್ಸ್, ಅಂದರೆ 1 ಅಂತ ತೋರಿಸುವುದನ್ನೇ ಬಳಸಿ. ಜೂಮ್ ಬೇಡ, ತೀರಾ ಅಗಲದ ಲೆನ್ಸೂ ಬೇಡ. ಅದು ಅಂಚುಗಳನ್ನು ಎಳೆದುಬಿಡುತ್ತದೆ, ಇಕ್ಕಟ್ಟಾದ ರಸ್ತೆಯೂ ವಿಶಾಲ ಕಾಣುತ್ತದೆ. ಕ್ಯಾಮೆರಾ ಆದರೆ 35 ಅಥವಾ 50 ಮಿಲಿಮೀಟರ್, ಅಪರ್ಚರ್ ಎಫ್ 8ರ ಆಸುಪಾಸು. ಯಾವುದೇ ಆದರೂ ಮೇಲಕ್ಕೆ ಕೆಳಕ್ಕೆ ಬಾಗಿಸದೆ ನೆಟ್ಟಗೆ ಹಿಡಿಯಿರಿ, ಇಲ್ಲದಿದ್ದರೆ ಕಟ್ಟಡಗಳು ಹಿಂದಕ್ಕೆ ವಾಲುತ್ತವೆ. ಫೋನಿನಲ್ಲಿ ಗ್ರಿಡ್ ಹಾಕಿಕೊಳ್ಳಿ. ಬಣ್ಣ ತುಂಬುವ, ಆಕಾಶ ನೀಲಿ ಮಾಡುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಇದು ದಾಖಲೆ, ಇಲ್ಲಿ ಗೋಡೆಯ ಪಾಚಿ ಪಾಚಿಯಾಗಿಯೇ ಇರಬೇಕು.

ಎಷ್ಟು ದಿನಕ್ಕೊಮ್ಮೆ? ಪ್ರತಿ ಜಾಗಕ್ಕೆ ವರ್ಷಕ್ಕೆ ಎರಡು ಸಲ ಸಾಕು. ಮಳೆ ಬಿಡುವಾದ ಮೇಲೆ ನವೆಂಬರಿನಲ್ಲಿ ಒಮ್ಮೆ, ಬೇಸಿಗೆ ರಜೆಯ ಗಲಾಟೆಯಲ್ಲಿ ಒಮ್ಮೆ. ಕೆಲಸ ನಡೆಯುತ್ತಿರುವ ಜಾಗ ಆದರೆ ಬೇರೆ ಲೆಕ್ಕ. ಜೆಸಿಬಿ ಬಂತು ಅಂತ ಕೇಳಿದರೆ ಅವತ್ತೇ ಹೋಗಿ. ಹೆಂಚಿನ ಮನೆ ಕೆಡವಲು ಒಂದು ಬೆಳಿಗ್ಗೆ ಸಾಕು.

ಹಳೇ ಫೋಟೋ ಎಲ್ಲಿ ಸಿಗುತ್ತದೆ

ನೀವು ಇವತ್ತು ಶುರು ಮಾಡಿದರೂ ಹಿಂದಿನ ಇಪ್ಪತ್ತು ಮೂವತ್ತು ವರ್ಷದ ಜಾಡು ಹಿಡಿಯಬಹುದು. ಮನೆ ಮನೆಯ ಆಲ್ಬಮ್‌ಗಳಲ್ಲಿ ಅದು ಇದೆ. ಮಡಿಕೇರಿ ದಸರಾ ಇದಕ್ಕೆ ಚಿನ್ನದ ಗಣಿ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಮುಖ್ಯ ಬೀದಿಗಳಲ್ಲಿ ಬರುತ್ತವೆ, ಎಲ್ಲರೂ ಮಂಟಪದ ಫೋಟೋ ತೆಗೆಯುತ್ತಾರೆ, ಹಿಂದೆ ಅಂಗಡಿ ಬೋರ್ಡು, ಜಗಲಿ, ಹೆಂಚಿನ ಮಾಡು ತಾನಾಗಿ ಬಂದುಬಿಡುತ್ತದೆ. ವರ್ಷ ವರ್ಷದ ದಸರಾ ಫೋಟೋ ಸೇರಿಸಿದರೆ ಒಂದು ಬೀದಿಯ ಇತಿಹಾಸವೇ ಸಿಗುತ್ತದೆ. ಮದುವೆ ದಿಬ್ಬಣ, ಶಾಲೆಯ ಗ್ರೂಪ್ ಫೋಟೋ, ಹೊಸ ಸ್ಕೂಟರ್ ಪಕ್ಕ ನಿಂತ ಚಿಕ್ಕಪ್ಪ, ಎಲ್ಲದರಲ್ಲೂ ಹಿನ್ನೆಲೆ ನೋಡಿ. ಆಲ್ಬಮ್ ಮನೆಗೆ ಒಯ್ಯಬೇಡಿ. ಅಲ್ಲೇ ಕಿಟಕಿ ಬೆಳಕಿನಲ್ಲಿ ಇಟ್ಟು, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ಫೋಟೋ ತೆಗೆದು, ಯಾರ ಫೋಟೋ, ಯಾವ ವರ್ಷ ಅಂತ ಅವರಿಂದಲೇ ಕೇಳಿ ಬರೆದುಕೊಳ್ಳಿ.

ಗದ್ದೆ ಸೈಟ್ ಆದದ್ದು, ಬೆಟ್ಟ ಕಡಿದು ರೆಸಾರ್ಟ್ ಆದದ್ದು ನೋಡಬೇಕಾದರೆ ಗೂಗಲ್ ಅರ್ತ್‌ನಲ್ಲಿ ಹಳೇ ಉಪಗ್ರಹ ಚಿತ್ರಗಳನ್ನು ವರ್ಷದ ಪ್ರಕಾರ ನೋಡುವ ಸೌಲಭ್ಯ ಇದೆ. ಸರ್ವೆ ನಂಬರ್ ತಿಳಿಯಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ನಂಬರ್ ಸಿಕ್ಕಿದರೆ ಪಹಣಿ ಆನ್‌ಲೈನಿನಲ್ಲೇ ಸಿಗುತ್ತದೆ. ಆದರೆ ಮಾಲೀಕರ ಹೆಸರನ್ನು ಫೋಟೋ ಜೊತೆ ಹಾಕಬೇಡಿ. ಮಾರಿದವರಿಗೂ ಮಗಳ ಮದುವೆ, ಆಸ್ಪತ್ರೆ, ಸಾಲ ಅಂತ ಕಾರಣ ಇರುತ್ತದೆ. ಒಬ್ಬರ ಮನೆಯನ್ನು ಬೊಟ್ಟು ಮಾಡಿ ತೋರಿಸುವುದು ನಮ್ಮ ಕೆಲಸವಲ್ಲ.

ಬೆಂಚು, ಜಗಲಿ, ಸರಳಿನ ಫೋಟೋ ತೆಗೆಯುವ ಬಗೆ

ಇಂಥ ವಿನ್ಯಾಸದ ಫೋಟೋ ತೆಗೆಯುವಾಗ ಒಂದು ತೊಂದರೆ ಇದೆ. ಅದು ನೋಡಲು ಅಚ್ಚುಕಟ್ಟಾಗಿರುತ್ತದೆ. ಹೊಳೆಯುವ ಸ್ಟೀಲು, ಹೊಸ ಗ್ರಾನೈಟು. ಸುಮ್ನೆ ಕ್ಲಿಕ್ ಮಾಡಿದರೆ ಇಂಟೀರಿಯರ್ ಅಂಗಡಿಯ ಜಾಹೀರಾತಿನಂತೆ ಬರುತ್ತದೆ. ಆದ್ದರಿಂದ ಪ್ರತಿ ವಸ್ತುವಿಗೂ ಮೂರು ದೂರದಿಂದ ತೆಗೆಯಿರಿ. ದೂರದಿಂದ, ಆ ಬೆಂಚು ಯಾವ ರಸ್ತೆಯಲ್ಲಿ, ಯಾವ ಅಂಗಡಿ ಎದುರು ಇದೆ ಅಂತ ಕಾಣುವಂತೆ. ನಡುವಿನಿಂದ, ಬೆಂಚು ಪೂರ್ತಿ, ಜೊತೆಗೆ ಅದನ್ನು ಬಳಸುವವರು ಅಥವಾ ಬಳಸಲಾಗದವರು. ಹತ್ತಿರದಿಂದ, ಇಳಿಜಾರು ಎಷ್ಟು, ಪೈಪ್ ಎಷ್ಟು ದಪ್ಪ, ಸರಳಿನ ತುದಿ ಎಷ್ಟು ಮೊನಚು ಅಂತ.

ಹತ್ತಿರದ ಫೋಟೋದಲ್ಲಿ ಅಳತೆ ಬೇಕೇ ಬೇಕು. ಟೇಲರ್ ಟೇಪ್ ಒಂದು ಜೇಬಿನಲ್ಲಿರಲಿ. ಕೂರುವ ಜಾಗದ ಅಗಲ, ನೆಲದಿಂದ ಎತ್ತರ, ಎರಡು ಹಿಡಿಕೆಗಳ ನಡುವಿನ ಅಂತರ ಅಳೆದು, ಟೇಪ್ ಸಮೇತ ಒಂದು ಫೋಟೋ ತೆಗೆಯಿರಿ. ಇಳಿಜಾರು ತೋರಿಸಲು ಅರ್ಧ ತುಂಬಿದ ನೀರಿನ ಬಾಟಲಿಯನ್ನು ಅದರ ಮೇಲೆ ಇಳಿಜಾರಿನ ದಿಕ್ಕಿಗೇ ಮಲಗಿಸಿ. ಒಳಗಿನ ನೀರು ಸಮತಟ್ಟಾಗೇ ನಿಲ್ಲುತ್ತದೆ, ಬಾಟಲಿ ಓರೆಯಾಗಿರುತ್ತದೆ, ನೋಡಿದ ತಕ್ಷಣ ಅರ್ಥವಾಗುತ್ತದೆ.

ಒಂದು ಜಗಲಿಯ ವಿಷಯ ಹೇಳುತ್ತೇನೆ. ಹಳೇ ಅಂಗಡಿ, ಮುಂದೆ ಮೊಣಕಾಲೆತ್ತರದ ಜಗಲಿ, ಸಂತೆ ದಿನ ಅಲ್ಲಿ ಸಾಲಾಗಿ ಜನ. ಚೀಲ ಕಾಲ ಬಳಿ, ಕೊಡೆ ಮಡಿಲಲ್ಲಿ, ಎಲೆಯಡಿಕೆ ಕೈಯಲ್ಲಿ. ಅಂಗಡಿ ಕೈ ಬದಲಾಯಿತು. ಈಗ ಅಲ್ಲಿ ಮನೆಯಲ್ಲಿ ಮಾಡಿದ ಚಾಕೊಲೇಟು, ಮಸಾಲೆ, ಕಾಫಿ ಪುಡಿ ಮಾರುತ್ತಾರೆ, ಎಲ್ಲಾ ಪ್ರವಾಸಿಗರಿಗೆ. ಜಗಲಿಯ ಮೇಲೆ ಕಪ್ಪು ಗ್ರಾನೈಟ್ ಹಾಕಿಸಿದ್ದಾರೆ, ಹೊರಗಡೆಗೆ ಇಳಿಜಾರಾಗಿ, ಅಂಚಿನಲ್ಲಿ ಬೆರಳು ದಪ್ಪದ ಸ್ಟೀಲ್ ಸರಳು, ಗೇಣಿಗೊಂದು. ಕೂರಲು ಹೋದರೆ ಜಾರುತ್ತದೆ, ಚೀಲ ಇಟ್ಟರೂ ಉರುಳುತ್ತದೆ. ಗ್ರಾನೈಟಿನ ಕೆಳಗೆ, ಒಂದು ಮೂಲೆಯಲ್ಲಿ, ಹಳೇ ರೆಡ್ ಆಕ್ಸೈಡ್ ಕಟ್ಟೆ ಇನ್ನೂ ಎರಡು ಇಂಚು ಇಣುಕುತ್ತದೆ. ಕೂತು ಕೂತು ಸವೆದ ಕೆಂಪು ಅಂಚು. ತೆಗೆಯಬೇಕಾದ ಫೋಟೋ ಅದು, ಕೆಂಪು ಮತ್ತು ಕಪ್ಪು ಒಂದೇ ಫ್ರೇಮಿನಲ್ಲಿ. ಹೊಸದರ ಕೆಳಗೆ ಹಳೆಯದು ಸ್ವಲ್ಪವಾದರೂ ಉಳಿದಿರುತ್ತದೆ, ಬಗ್ಗಿ ನೋಡಬೇಕು ಅಷ್ಟೇ.

ಬಗ್ಗುವುದು ಇನ್ನೊಂದು ಕಾರಣಕ್ಕೂ ಮುಖ್ಯ. ನಿಂತವರ ಕಣ್ಣಿನ ಎತ್ತರದಿಂದ ತೆಗೆದರೆ ಇದು ಬರೀ ವಸ್ತು. ಕೂರಲು ಬಂದವರ, ಮಗುವಿನ, ಗಾಲಿಕುರ್ಚಿಯಲ್ಲಿರುವವರ ಎತ್ತರದಿಂದ ನೋಡಿದಾಗ ಅದೇ ವಸ್ತು ಗೋಡೆಯಾಗಿ ಕಾಣುತ್ತದೆ. ಫುಟ್‌ಪಾತಿನ ಎತ್ತರದ ಅಂಚು, ಅಡ್ಡ ನಿಲ್ಲಿಸಿದ ಕಬ್ಬಿಣದ ಗೂಟಗಳು, ರ‍್ಯಾಂಪ್ ಇಲ್ಲದ ಮೆಟ್ಟಿಲು ಎಲ್ಲ ಹಾಗೇ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಿಂದ ಇದೆ, ಸಾರ್ವಜನಿಕ ಕಟ್ಟಡ ಎಲ್ಲರಿಗೂ ಹೋಗಿಬರುವಂತೆ ಇರಬೇಕು ಅನ್ನುತ್ತದೆ. ಫೋಟೋ ಜೊತೆ ಮೆಟ್ಟಿಲಿನ ಎತ್ತರವೂ ಬರೆದಿದ್ದರೆ ಅದು ಅರ್ಜಿಯ ಜೊತೆ ಲಗತ್ತಿಸುವ ಸಾಕ್ಷಿಯಾಗುತ್ತದೆ.

ಎಲ್ಲಾ ಸರಳಿಗೂ ಕೆಟ್ಟ ಉದ್ದೇಶ ಅಂಟಿಸಬೇಡಿ ಮತ್ತೆ. ಕೆಲವು ಗ್ರಿಲ್ ದನ ಬಾರದಿರಲಿ ಅಂತ ಹಾಕಿದ್ದು. ಕೆಲವು ಇಳಿಜಾರು ಮಳೆ ನೀರು ಹೋಗಲಿ ಅಂತ ಮಾಡಿದ್ದು, ಇದು ಮಡಿಕೇರಿ, ನೀರು ನಿಂತರೆ ಗೋಡೆಯೇ ಹೋಗುತ್ತದೆ. ಅಂಗಡಿಯವರನ್ನು ಕೇಳಿ. "ಅಣ್ಣಾ, ಇಲ್ಲಿ ಮೊದಲು ಜನ ಕೂರ್ತಿದ್ರಲ್ವಾ, ಯಾವಾಗ ಹಾಕಿಸಿದ್ದು ಇದು?" ಅಂದರೆ ಸಾಕು, ಕಾರಣ ಅವರೇ ಹೇಳುತ್ತಾರೆ. "ಕುಡಿದು ಬಂದು ಮಲಗ್ತಾರೆ, ಗಿರಾಕಿ ಒಳಗೆ ಬರಲ್ಲ" ಅಂತ ಹೇಳಿದರೆ ಅದನ್ನೂ ಹಾಗೆಯೇ ಬರೆದುಕೊಳ್ಳಿ. ಅವರ ತೊಂದರೆಯೂ ನಿಜವೇ. ಸಾರ್ವಜನಿಕ ಬೆಂಚು ಆದರೆ ನಗರಸಭೆಗೆ ಆರ್‌ಟಿಐ ಅರ್ಜಿ ಹಾಕಿ, ಅಂದಾಜು ಪಟ್ಟಿ, ನಕ್ಷೆ, ಬಿಲ್ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನ ಸಮಯ. ಹಳೇ ಬೆಂಚು ಎಲ್ಲಿಗೆ ಹೋಯಿತು ಅಂತಲೂ ಅದರಲ್ಲೇ ಕೇಳಿ.

ದುಬಾರಿಯಾಗುವುದು ಎಲ್ಲಿ ಕಾಣುತ್ತದೆ

ಬಾಡಿಗೆ ಏರಿದ್ದನ್ನು ನೇರವಾಗಿ ಫೋಟೋ ತೆಗೆಯಲು ಆಗಲ್ಲ. ಅದರ ಗುರುತುಗಳನ್ನು ತೆಗೆಯಬೇಕು. "ಮನೆ ಬಾಡಿಗೆಗೆ ಇದೆ" ಬೋರ್ಡ್ ಇದ್ದ ಗೇಟಿನಲ್ಲಿ ಈಗ ಹೋಮ್‌ಸ್ಟೇ ಬೋರ್ಡ್. ಹೋಟೆಲಿನ ಗೋಡೆಯ ದರಪಟ್ಟಿ, ಪ್ರತಿ ಸಲ ಹೋದಾಗ ಒಂದು ಫೋಟೋ, ಕಡುಬು ಮತ್ತು ಟೀ ಬೆಲೆ ಸಾಕು. ಕನ್ನಡ ಬೋರ್ಡ್ ಹೋಗಿ ಬೇರೆ ಭಾಷೆಯ ಬೋರ್ಡ್ ಬಂದದ್ದು. ದಿನಸಿ ಅಂಗಡಿ, ಕೊಡೆ ರಿಪೇರಿ, ಟೇಲರ್, ಸೈಕಲ್ ಶಾಪ್ ಇದ್ದ ಕಡೆ ಈಗ ಏನಿದೆ ಅನ್ನುವುದು. ಗದ್ದೆಯ ನಡುವೆ ನೆಟ್ಟ ಸೈಟಿನ ಕಲ್ಲುಗಳು. ರಸ್ತೆ ಬದಿಯ ಫ್ಲೆಕ್ಸ್‌ಗಳಲ್ಲಿ "ವ್ಯೂ" ಇರುವ ವಿಲ್ಲಾ ಜಾಹೀರಾತು, ಅದರ ಹಿಂದೆ ಅದೇ ಬೆಟ್ಟ.

ಹೆಂಚುಗಳನ್ನು ಮರೆಯಬೇಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟ ಹತ್ತಿ ಬಂದ ಹೆಂಚು ಕೊಡಗಿನ ಮಾಡುಗಳ ರೂಪವನ್ನೇ ಬದಲಾಯಿಸಿತು. ಮನೆ ಕೆಡವಿದ ಕಡೆ ಹೆಂಚಿನ ರಾಶಿ ಇರುತ್ತದೆ. ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರಿನ ಅಚ್ಚು ಸಿಗುತ್ತದೆ. ಬೆಳಕು ಪಕ್ಕದಿಂದ ಬರುವಂತೆ ಹಿಡಿದು ತೆಗೆದರೆ ಅಕ್ಷರ ಎದ್ದು ಕಾಣುತ್ತವೆ. ಹಳೇ ಹೆಂಚನ್ನು ಕೊಂಡು ರೆಸಾರ್ಟಿನ ಅಲಂಕಾರಕ್ಕೆ ಹಾಕುವುದೂ ಇದೆ. ಅದೇ ಅಚ್ಚು ಅಲ್ಲಿ ಕಂಡರೆ ಅದೂ ಒಂದು ಫೋಟೋ.

ಒಂದು ಎಚ್ಚರಿಕೆ. ಕೊಡಗಿನಲ್ಲಿ ಜನ ಜಾಗ ಬಿಟ್ಟದ್ದಕ್ಕೆಲ್ಲ ಪ್ರವಾಸೋದ್ಯಮ ಕಾರಣ ಅಲ್ಲ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಕ್ಕಂದೂರು, ಜೋಡುಪಾಲ ಕಡೆಯ ಜನ ಮನೆ ಕಳೆದುಕೊಂಡು, ಆಮೇಲೆ ಜಂಬೂರು, ಕರ್ಣಂಗೇರಿ, ಮದೆನಾಡಿನ ಹೊಸ ಮನೆಗಳಿಗೆ ಹೋದರು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತದ್ದು ಅರಣ್ಯ ಜಾಗದ ವಿಷಯಕ್ಕೆ. ತೋಟದ ಲೈನ್ ಮನೆಗಳ, ಅಂದರೆ ಕೆಲಸಗಾರರು ಇರುವ ಸಾಲುಮನೆಗಳ, ಇಕ್ಕಟ್ಟು ಇವೆಲ್ಲಕ್ಕಿಂತ ಹಳೆಯದು. ಎಲ್ಲವನ್ನೂ ಒಂದೇ ಹೆಸರಿನ ಕೆಳಗೆ ತುರುಕಿದರೆ ನಿಮ್ಮ ಕೆಲಸವನ್ನು ಯಾರೂ ನಂಬಲ್ಲ. ಕಾರಣ ಬೇರೆಯಾದರೆ ಬೇರೆ ಫೋಲ್ಡರ್.

ಜನ

ಇದು ನನಗೆ ಎಲ್ಲಕ್ಕಿಂತ ಮುಖ್ಯ. ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವರ ಮುಖ ತೆಗೆಯಬೇಡಿ. ನಿದ್ದೆಯಲ್ಲಿರುವವರು ಬೇಡ ಅನ್ನಲು ಆಗಲ್ಲ. ಅವರು ಮಲಗಿದ ಜಾಗವನ್ನು ಅವರು ಎದ್ದು ಹೋದ ಮೇಲೆ ತೆಗೆಯಿರಿ, ಹಾಸಿದ್ದ ರಟ್ಟು, ಗೋಡೆಗೆ ಒರಗಿಸಿದ ಕೊಡೆ. ಎಚ್ಚರವಿದ್ದರೆ ಪಕ್ಕದಲ್ಲಿ ಕೂತು ಮಾತಾಡಿ. ಊರಿನವರೇ ಆದರೆ "ಅಕ್ಕಾ", "ಅಣ್ಣಾ", ವಯಸ್ಸಾದವರಾದರೆ "ಅಜ್ಜಾ" ಅಂತ ಶುರು ಮಾಡಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ತಮಿಳು ಯಾವುದು ಗೊತ್ತಿದ್ದರೂ ಆ ಒಂದೆರಡು ಮಾತು ಕನ್ನಡದ ಜೊತೆ ಸೇರಿಸಿ. ಅಸ್ಸಾಂನಿಂದ ಬಂದ ತೋಟದ ಕೆಲಸಗಾರರಿಗೆ ಫೋಟೋ ಅಂದರೆ ಪೊಲೀಸ್ ದಾಖಲೆ ಅನ್ನುವ ಭಯ ಇರಬಹುದು. ಯಾಕೆ, ಎಲ್ಲಿ ಹಾಕುತ್ತೀರಿ ಅಂತ ಮೊದಲೇ ಹೇಳಿ, ಬೇಡ ಅಂದರೆ ಅಲ್ಲಿಗೆ ಬಿಡಿ. ಲೈನ್ ಮನೆ ತೋಟದ ಒಳಗಿರುತ್ತದೆ, ತೋಟದವರ ಒಪ್ಪಿಗೆ ಇಲ್ಲದೆ ಹೋದರೆ ಆಮೇಲೆ ಬೈಗುಳ ತಿನ್ನುವುದು ನೀವಲ್ಲ, ಒಳಗೆ ಕರೆದವರು. ಆದಿವಾಸಿಗಳ ಹಾಡಿಗಳಿಗೂ ಅಲ್ಲಿಯ ಹಿರಿಯರನ್ನು ಕೇಳದೆ ಕಾಲಿಡಬೇಡಿ. ಮಕ್ಕಳ ಫೋಟೋ ತಂದೆತಾಯಿ ಒಪ್ಪಿದರೆ ಮಾತ್ರ.

ತೆಗೆದ ಫೋಟೋದ ಒಂದು ಪ್ರಿಂಟ್ ಹಾಕಿಸಿ ಕೊಡಿ. ಸ್ಟುಡಿಯೋದಲ್ಲಿ ಸಣ್ಣ ಪ್ರಿಂಟಿಗೆ ದೊಡ್ಡ ದುಡ್ಡೇನಲ್ಲ. ಎರಡನೇ ಸಲ ಹೋದಾಗ ಮಾತು ಬೇರೆಯೇ ಇರುತ್ತದೆ.

ಬೀದಿ ವ್ಯಾಪಾರಿಗಳ ವಿಷಯದಲ್ಲಿ ಫೋಟೋ ನೇರವಾಗಿ ಉಪಯೋಗಕ್ಕೆ ಬರುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವ ಹಾಗಿಲ್ಲ. ಒಬ್ಬರು ಅದೇ ಮೂಲೆಯಲ್ಲಿ ವರ್ಷಗಳಿಂದ ಕೂತಿದ್ದಾರೆ ಅನ್ನಲು ದಿನಾಂಕ ಇರುವ ಫೋಟೋಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಅವರು ಒಪ್ಪಿದರೆ ತೆಗೆದು, ಮೂಲ ಫೈಲ್ ಜೋಪಾನವಾಗಿಟ್ಟು, ಕೇಳಿದಾಗ ಕೊಡಿ.

ರಸ್ತೆಯಲ್ಲಿ ನಿಂತು ಕಟ್ಟಡದ ಫೋಟೋ ತೆಗೆಯುವುದು ತಪ್ಪಲ್ಲ. ಕಟ್ಟಡದ ಫೋಟೋ ಕೃತಿಸ್ವಾಮ್ಯದ ಉಲ್ಲಂಘನೆಯೂ ಅಲ್ಲ. ಖಾಸಗಿ ಜಾಗದೊಳಗೆ ಕಾಲಿಟ್ಟರೆ ಮಾಲೀಕರ ಮಾತು ನಡೆಯುತ್ತದೆ. ಜಲಾಶಯ, ಸೇನೆಯ ಜಾಗ, ಫೋಟೋ ನಿಷೇಧ ಅಂತ ಬೋರ್ಡ್ ಇರುವ ಕಡೆ ಬೇಡ. ಡ್ರೋನ್ ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಅನ್ನುವ ಆನ್‌ಲೈನ್ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ ಅಂತ ನೋಡಿ. ಸೆಕ್ಯುರಿಟಿಯವರು ಬಂದು ಕೇಳಿದರೆ ವಾದಕ್ಕೆ ಇಳಿಯಬೇಡಿ, ನೋಟ್‌ಬುಕ್ ತೋರಿಸಿ ಕೆಲಸ ವಿವರಿಸಿ. ಅವರೂ ಬಹುಪಾಲು ಇದೇ ಊರಿನವರು, ಮೊದಲು ಅಲ್ಲಿ ಏನಿತ್ತು ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಮಳೆ ಮತ್ತು ಮಂಜು

ಮಂಜಿನಲ್ಲಿ ಕ್ಯಾಮೆರಾ ಎಲ್ಲವನ್ನೂ ಬೂದಿ ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಶರ್, ಅಂದರೆ ಫೋಟೋದ ಬೆಳಕನ್ನು, ಮುಕ್ಕಾಲು ಅಥವಾ ಒಂದು ಸ್ಟಾಪ್ ಮೇಲಕ್ಕೆ ಹಾಕಿ. ಮೋಡದ ಬೆಳಕು ಬೋರ್ಡು, ಗೋಡೆ, ಮುಖಗಳಿಗೆ ಒಳ್ಳೆಯದು, ನೆರಳು ಬೀಳಲ್ಲ. ಸರಳು, ಇಳಿಜಾರು, ಹೆಂಚಿನ ಅಚ್ಚು ತೆಗೆಯಲು ಮಾತ್ರ ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಸಿಗುವುದೇ ಅಪರೂಪ, ಸಿಕ್ಕ ದಿನ ಬಿಡಬೇಡಿ. ಮಳೆಗಾಲವನ್ನು ಪೂರ್ತಿ ತಪ್ಪಿಸಬಾರದು, ಯಾಕೆಂದರೆ ಮೇಲ್ಛಾವಣಿ ಯಾರಿಗೆ ಸಿಗುತ್ತದೆ, ಯಾರಿಗೆ ಇಲ್ಲ ಅನ್ನುವುದು ಆಗಲೇ ಕಾಣುವುದು. ಒಂದು ತಂಗುದಾಣದ ಎದುರು ಜೋರು ಮಳೆಯಲ್ಲಿ ಅರ್ಧ ಗಂಟೆ ನಿಂತರೆ ಸೂರು ಎಷ್ಟು ಗಿಡ್ಡ, ಇರಚಲು ಎಲ್ಲಿಯವರೆಗೆ ಬರುತ್ತದೆ, ಎಷ್ಟು ಜನ ಹೊರಗೇ ಉಳಿಯುತ್ತಾರೆ ಎಲ್ಲ ಗೊತ್ತಾಗುತ್ತದೆ. ಮನೆಗೆ ಬಂದ ಮೇಲೆ ಕ್ಯಾಮೆರಾ ಒರೆಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಬ್ಯಾಗಿನಲ್ಲೇ ಬಿಟ್ಟರೆ ಈ ಹವೆಗೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ಬರೆದಿಡುವುದು, ಹಂಚುವುದು

ಅದೇ ದಿನ ರಾತ್ರಿ ಬರೆಯಿರಿ. ದಿನಾಂಕ, ಹೊತ್ತು, ನಿಂತ ಜಾಗ, ಯಾವ ದಿಕ್ಕಿಗೆ, ಏನು ಬದಲಾಗಿದೆ, ಯಾರು ಏನು ಹೇಳಿದರು. ಫೈಲಿನ ಹೆಸರು ವರ್ಷ, ತಿಂಗಳು, ದಿನ, ರಸ್ತೆ, ಜಾಗದ ನಂಬರ್ ಈ ಕ್ರಮದಲ್ಲಿ ಇರಲಿ. ಮೂಲ ಫೈಲ್ ಮುಟ್ಟಬೇಡಿ, ತಿದ್ದುವುದಾದರೆ ಪ್ರತಿ ಮಾಡಿಕೊಂಡು ತಿದ್ದಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ದಿನಾಂಕ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಆದರೆ ಜನರಿರುವ ಫೋಟೋ ಎಲ್ಲರಿಗೂ ಕಾಣುವಂತೆ ಹಾಕುವಾಗ ಸ್ಥಳದ ಮಾಹಿತಿ ತೆಗೆದೇ ಹಾಕಿ. ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ.

ಜೋಡಿಸುವ ಕ್ರಮಕ್ಕೆ ನನ್ನ ಸಲಹೆ: ಹಳೆಯದು ಚಂದ, ಹೊಸದು ಕೆಟ್ಟದ್ದು ಅನ್ನುವಂತೆ ಜೋಡಿಸಬೇಡಿ. ಹಳೇ ಊರಿನಲ್ಲೂ ಎಲ್ಲರಿಗೂ ಎಲ್ಲಾ ಜಗಲಿ ಏರುವ ಹಾಗಿರಲಿಲ್ಲ. ಯಾರು ಎಲ್ಲಿ ಕೂರಬಹುದಿತ್ತು, ಈಗ ಎಲ್ಲಿ ಕೂರಬಹುದು ಅನ್ನುವ ಪ್ರಶ್ನೆಯ ಮೇಲೆಯೇ ಜೋಡಿಸಿ. ಹಳೆಯ ಕಪ್ಪುಬಿಳುಪು ಫಿಲ್ಟರ್ ಹಾಕಿ ದುಃಖ ತರಿಸುವುದೂ ಬೇಡ, ಒಂದೇ ಅಳತೆಯ, ಒಂದೇ ಬಣ್ಣದ ಎರಡು ಫೋಟೋ ಪಕ್ಕಪಕ್ಕ ಸಾಕು.

ಮೊದಲು ಆ ರಸ್ತೆಯ ಜನರಿಗೇ ತೋರಿಸಿ. ಟೀ ಅಂಗಡಿಯ ಗೋಡೆಗೆ ಎಂಟು ಹತ್ತು ಪ್ರಿಂಟ್ ಅಂಟಿಸಿ, ಕೆಳಗೆ ಖಾಲಿ ಕಾಗದ ಮತ್ತು ಪೆನ್ನು ಕಟ್ಟಿಡಿ. ವರ್ಷ ತಪ್ಪಿದ್ದರೆ ತಿದ್ದುತ್ತಾರೆ, ನಿಮಗೆ ಗೊತ್ತಿಲ್ಲದ ಅಂಗಡಿಯ ಹೆಸರು ಬರೆಯುತ್ತಾರೆ, ಮನೆಯಲ್ಲಿ ಹಳೇ ಫೋಟೋ ಇದೆ ಅಂತ ತಂದುಕೊಡುತ್ತಾರೆ. ಆ ಕಾಗದಗಳನ್ನೂ ಫೋಟೋ ತೆಗೆದು ಅದೇ ಫೋಲ್ಡರಿಗೆ ಸೇರಿಸಿ. ಆಮೇಲೆ ಒಂದು ಪೂರ್ತಿ ಸೆಟ್ ಪ್ರಿಂಟ್ ಮಾಡಿಸಿ, ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ದಿನಾಂಕ ಮತ್ತು ಜಾಗ ಬರೆದು, ಊರಿನ ಗ್ರಂಥಾಲಯಕ್ಕೆ ಕೊಡಿ. ಪೆನ್ನಿನಲ್ಲಿ ಬರೆದರೆ ಶಾಯಿ ಕೆಲವು ಮಳೆಗಾಲದಲ್ಲೇ ಹರಡಿ ಮುಂದಿನ ಪ್ರಿಂಟಿಗೂ ಅಂಟುತ್ತದೆ.